ಕರಡದ ಬೆಂಕಿ, ಕಾನಿನ ಬೆಂಕಿ

(ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಮಾತು ಶುರು ಮಾಡುವ ಮೊದಲು ಈ ಎರಡು ತೊಗಟೆಯ ಚೂರುಗಳನ್ನು ನಿಮ್ಮ ಕಡೆ ಕಳಿಸುತ್ತಿದ್ದೇನೆ. ಕೈಯಿಂದ ಕೈಗೆ ದಾಟಿಸಿ, ಮುಟ್ಟಿ ನೋಡಿ. ದಪ್ಪನೆಯದು ಮತ್ತಿ ಮರದ್ದು. ಮುತ್ತೋಡಿ ರಸ್ತೆಯ ಬದಿಯಲ್ಲಿ ಉರುಳಿ ಬಿದ್ದಿದ್ದ ಮರದಿಂದ ಎತ್ತಿಕೊಂಡು ಬಂದೆ. ಮೊಸಳೆಯ ಬೆನ್ನಿನಂತೆ ಸೀಳು ಸೀಳಾಗಿದೆ, ಒಂದೂವರೆ ಬೆರಳಿನಷ್ಟು ದಪ್ಪ ಇದೆ. ಅದರ ಸೀಳುಗಳಲ್ಲಿ ಕಪ್ಪು ಮಸಿ ಕೂತಿದೆ. ಉಜ್ಜಿದರೆ ಬೆರಳಿಗೆ ಹತ್ತುತ್ತದೆ. ಆ ಮರ ಬದುಕಿದ್ದಾಗ ಎಷ್ಟೋ ಸಲ ಬೆಂಕಿ ಅದರ ಕಾಲಬುಡವನ್ನು ಸವರಿಕೊಂಡು ಹೋಗಿದೆ. ಇನ್ನೊಂದು ತೆಳುವಾದದ್ದು, ಹಪ್ಪಳದಂತೆ. ಅದು ಗುಡ್ಡದ ಮೇಲಿನ ಶೋಲದ, ಅಂದರೆ ಹಳ್ಳದ ಮಡಿಲಿನ ದಟ್ಟ ಕಾಡಿನ, ಒಂದು ನೇರಳೆ ಜಾತಿಯ ಮರದ್ದು. ಹಸಿಯಾಗಿದ್ದಾಗ ಉಗುರಿನಿಂದ ಗೀರಿದರೆ ಸಾಕು, ಒಳಗಿನ ಜೀವಂತ ಪದರ ಹಸಿರಾಗಿ ಕಾಣುತ್ತದೆ.

ಆ ಹಸಿರು ಪದರವೇ ಮರದ ಪ್ರಾಣ. ಅದರ ಬಿಸಿ ಸುಮಾರು 60 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಜೀವಕೋಶಗಳು ಸಾಯುತ್ತವೆ. ಕಾಂಡದ ಸುತ್ತಲೂ ಸತ್ತರೆ ಮರ ಹೋದಂತೆಯೇ. ತೊಗಟೆ ಮಾಡುವ ಕೆಲಸವೆಂದರೆ ಬಿಸಿ ಒಳಗೆ ಹೋಗುವುದನ್ನು ತಡಮಾಡುವುದು. ಇಲ್ಲೊಂದು ಲೆಕ್ಕ ಇದೆ. ತೊಗಟೆ ಇಮ್ಮಡಿ ದಪ್ಪವಾದರೆ ಒಳಪದರ ಸಾಯಲು ಬೇಕಾಗುವ ಸಮಯ ಹೆಚ್ಚುಕಡಿಮೆ ನಾಲ್ಕು ಪಟ್ಟಾಗುತ್ತದೆ. ಒಣಹುಲ್ಲಿನ ಬೆಂಕಿ ಒಂದು ಜಾಗದಲ್ಲಿ ಒಂದೆರಡು ನಿಮಿಷವೂ ನಿಲ್ಲುವುದಿಲ್ಲ. ಆ ಅವಧಿಯನ್ನು ಮತ್ತಿ ತಾಳಿಕೊಳ್ಳುತ್ತದೆ. ಶೋಲದ ಮರ ತಾಳುವುದಿಲ್ಲ. ಒಂದೇ ಬೆಂಕಿ, ಒಂದೇ ರಾತ್ರಿ. ಒಂದು ಮರಕ್ಕೆ ಬೇಸಗೆಯ ಮಾಮೂಲಿ ಸಂಗತಿ, ಇನ್ನೊಂದಕ್ಕೆ ಸಾವು. ಇವತ್ತು ನಾನು ಹೇಳಬೇಕೆಂದಿರುವುದೆಲ್ಲ ಈ ಎರಡು ಚೂರುಗಳಲ್ಲಿದೆ. ಬೆಂಕಿ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಯಾವ ಕಾಡಿಗೆ, ಯಾವ ತಿಂಗಳಲ್ಲಿ, ಎಷ್ಟು ವರ್ಷಕ್ಕೊಮ್ಮೆ ಎಂದು ಕೇಳಿದರೆ ಉತ್ತರ ಸಿಗುತ್ತದೆ.

ನಾನು ಮೊದಲ ಸಲ ಬೆಂಕಿ ಆರಿಸಲು ಹೋದಾಗ ಪಿಯುಸಿ ಓದುತ್ತಿದ್ದೆ. ಫೆಬ್ರುವರಿ ತಿಂಗಳು. ಕಣದಲ್ಲಿ ಕಾಫಿ ಒಣಗುತ್ತಿತ್ತು. ರಾತ್ರಿ ಊಟಕ್ಕೆ ಕೂತಾಗ ಯಾರೋ ಹೊರಗಿನಿಂದ ಕೂಗಿದರು. ಎದ್ದು ನೋಡಿದರೆ ಗುಡ್ಡದ ಮೈಮೇಲೆ ಕೆಂಪು ಸರಪಳಿ ಹಾಕಿದಂತೆ ಬೆಂಕಿ ಮೇಲೇರುತ್ತಿತ್ತು. ಅಪ್ಪ, ತೋಟದ ಆಳುಗಳು, ಅಕ್ಕಪಕ್ಕದ ಮನೆಯವರು ಎಲ್ಲರೂ ಕತ್ತಿ ಹಿಡಿದು ಹೊರಟರು. ಹಸಿ ಸೊಪ್ಪಿನ ಕೊಂಬೆ ಕಡಿದು ಬೆಂಕಿಯ ಅಂಚನ್ನು ಬಡಿಯುವುದು, ಅಷ್ಟೇ ನಮ್ಮ ಬಳಿ ಇದ್ದ ಉಪಾಯ. ನನಗೆ ಇವತ್ತಿಗೂ ನೆನಪಿರುವುದು ಆ ಸದ್ದು. ಕರಡ, ಅಂದರೆ ಗುಡ್ಡದ ಒಣಹುಲ್ಲು, ಉರಿಯುವಾಗ ಬರುವ ಚಟಪಟ ಮೊದಲು ಕೇಳುತ್ತದೆ. ಗಾಳಿ ಜೋರಾದ ತಕ್ಷಣ ಆ ಚಟಪಟ ನಿಂತು, ದೊಡ್ಡ ಬಟ್ಟೆಯನ್ನು ಒಮ್ಮೆಲೇ ಹರಿದಂತೆ ಕೇಳುತ್ತದೆ. ಆಗ ಅಪ್ಪ ನನ್ನ ತೋಳು ಹಿಡಿದು ಕೆಳಕ್ಕೆ ಎಳೆದರು. ‘ಬೆಂಕಿಗಿಂತ ಮೇಲೆ ನಿಲ್ಲಬೇಡ’ ಎಂದರು.

ಆ ಮಾತಿನ ಹಿಂದಿನ ವಿಜ್ಞಾನ ಗೊತ್ತಾಗಿದ್ದು ಬಹಳ ವರ್ಷಗಳ ನಂತರ. ಇಳಿಜಾರಿನಲ್ಲಿ ಜ್ವಾಲೆ ಮೇಲಿನ ಹುಲ್ಲಿಗೆ ಹತ್ತಿರ ಬಾಗುತ್ತದೆ, ಅದನ್ನು ಮೊದಲೇ ಒಣಗಿಸಿ ಕಾಯಿಸಿರುತ್ತದೆ. ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಾದಾಗ ಮೇಲೇರುವ ಬೆಂಕಿಯ ವೇಗ ಸುಮಾರು ಎರಡರಷ್ಟಾಗುತ್ತದೆ ಎಂಬುದು ಬೆಂಕಿ ಆರಿಸುವವರ ಲೆಕ್ಕ. 2018ರ ಮಾರ್ಚ್‌ನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿಯಲ್ಲಿ ಚಾರಣಕ್ಕೆ ಹೋದವರು ಇಂಥದ್ದೇ ಹುಲ್ಲಿನ ಇಳಿಜಾರಿನಲ್ಲಿ ಬೆಂಕಿಗೆ ಸಿಕ್ಕಿದರು. 20ಕ್ಕೂ ಹೆಚ್ಚು ಜನ ತೀರಿಕೊಂಡರು. ಮುಳ್ಳಯ್ಯನಗಿರಿಗೆ ಬೇಸಗೆಯಲ್ಲಿ ಗುಂಪು ಕಟ್ಟಿಕೊಂಡು ಹೋಗುವ ವಿದ್ಯಾರ್ಥಿಗಳು ಇಲ್ಲಿದ್ದೀರಿ. ಹೊಗೆ ಕಂಡರೆ ಮೇಲಕ್ಕೆ ಓಡಬೇಡಿ. ಪಕ್ಕಕ್ಕೆ ಅಥವಾ ಈಗಾಗಲೇ ಸುಟ್ಟು ಕರಿಯಾದ ನೆಲಕ್ಕೆ ಸರಿಯಿರಿ. ಸುಟ್ಟ ನೆಲ ಮತ್ತೆ ಸುಡುವುದಿಲ್ಲ.

ಆ ಬೆಂಕಿ ಆರಿದ ಹದಿನೈದು ದಿನಕ್ಕೆ ಅದೇ ಜಾಗಕ್ಕೆ ಹೋದೆ. ಬೂದಿಯ ನಡುವೆ ಪ್ರತಿ ಹುಲ್ಲಿನ ಬುಡದಿಂದಲೂ ಬೆರಳುದ್ದ ಹಸಿರು ಎದ್ದಿತ್ತು, ಒಂದು ಹನಿ ಮಳೆ ಬಿದ್ದಿರಲಿಲ್ಲ. ಮೈ ಸುಟ್ಟುಕೊಂಡಿದ್ದ ಈಚಲು ನಡುವಿನಿಂದ ಹೊಸ ಗರಿ ಬಿಟ್ಟಿತ್ತು. ಆವತ್ತು ನನಗೆ ಎಷ್ಟು ಸಂತೋಷವಾಯಿತೆಂದರೆ, ಬೆಂಕಿಯಿಂದ ಏನೂ ಆಗುವುದಿಲ್ಲ ಎಂದು ಕೆಲವು ವರ್ಷ ನಂಬಿಕೊಂಡಿದ್ದೆ. ಆ ಇಳಿಜಾರಿನ ಕೆಳಗೆ, ಹಳ್ಳದ ಬಾಯಲ್ಲಿದ್ದ ಕಾನಿನ, ಅಂದರೆ ಶೋಲದ, ಅಂಚನ್ನು ನಾನು ಅಂದು ಹೋಗಿ ನೋಡಲೇ ಇಲ್ಲ. ಆ ಅಂಚಿನ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಈಗ ಸ್ವಲ್ಪ ದೂರ ಹೋಗೋಣ. ಕಾಡ್ಗಿಚ್ಚು ಮನುಷ್ಯನಿಗಿಂತ ಬಹಳ ಹಳೆಯದು. ನೆಲದ ಮೇಲೆ ಗಿಡಗಳು ಹುಟ್ಟಿದ ಸ್ವಲ್ಪ ಕಾಲಕ್ಕೇ ಬೆಂಕಿಯೂ ಹುಟ್ಟಿತು. ಸುಮಾರು 42 ಕೋಟಿ ವರ್ಷ ಹಿಂದಿನ ಶಿಲೆಗಳಲ್ಲಿ ಇದ್ದಿಲಿನ ಚೂರುಗಳು ಸಿಕ್ಕಿವೆ. ಉರಿಯಲು ಒಣ ಸೊಪ್ಪು ಬೇಕು, ಆಮ್ಲಜನಕ ಬೇಕು, ಒಂದು ಕಿಡಿ ಬೇಕು. ಮೊದಲೆರಡನ್ನೂ ಕೊಟ್ಟದ್ದು ಗಿಡಗಳೇ. ಕಿಡಿಯನ್ನು ಸಿಡಿಲು ಕೊಟ್ಟಿತು. ಇಷ್ಟು ಕಾಲ ಬೆಂಕಿಯ ಜೊತೆ ಸಂಸಾರ ಮಾಡಿದ ಮೇಲೆ ಗಿಡಗಳು ಅದಕ್ಕೆ ಹೊಂದಿಕೊಳ್ಳದೆ ಇರುತ್ತವೆಯೆ?

ಪ್ರತಿ ವರ್ಷ ಭೂಮಿಯ ಮೇಲೆ ಸುಡುವ ನೆಲ ಎಷ್ಟೆಂದು ಉಪಗ್ರಹಗಳು ಅಳೆಯುತ್ತಿವೆ. ಸುಮಾರು 40 ಲಕ್ಷ ಚದರ ಕಿಲೋಮೀಟರ್. ನಮ್ಮ ಇಡೀ ದೇಶ 33 ಲಕ್ಷದ ಒಳಗಿದೆ. ಅಂದರೆ ಭಾರತಕ್ಕಿಂತ ದೊಡ್ಡ ನೆಲ ವರ್ಷ ವರ್ಷ ಸುಡುತ್ತದೆ. ಸಂಖ್ಯೆ ಕೇಳಿ ಗಾಬರಿಯಾಗುತ್ತದೆ, ಆದರೆ ಅದರಲ್ಲಿ ಮೂರನೇ ಎರಡು ಭಾಗ ಆಫ್ರಿಕಾದ ಹುಲ್ಲುಗಾಡು. ಅಲ್ಲಿನ ಹುಲ್ಲು ಮಳೆಗಾಲದಲ್ಲಿ ಆಳೆತ್ತರ ಬೆಳೆದು, ಒಣಗಿ, ಸುಟ್ಟು, ಮತ್ತೆ ಚಿಗುರುತ್ತದೆ. ಹುಲ್ಲಿನ ಬೆಳೆಯುವ ಮೊಳಕೆ ತುದಿಯಲ್ಲಿಲ್ಲ, ಮಣ್ಣಿನ ಮಟ್ಟದಲ್ಲಿ, ಬುಡದಲ್ಲಿದೆ. ದನ ಮೇಯ್ದರೂ, ಕುಡುಗೋಲಿನಿಂದ ಕೊಯ್ದರೂ, ಸುಟ್ಟರೂ ಅದು ಮತ್ತೆ ಬರುವುದು ಆ ಕಾರಣದಿಂದ. ಸುಟ್ಟಾಗ ಹೊರಬಿದ್ದ ಇಂಗಾಲವನ್ನು ಮುಂದಿನ ಮಳೆಗಾಲದ ಹುಲ್ಲು ಬಹುಪಾಲು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಇನ್ನೊಂದು ಸಂಗತಿ ನಿಮಗೆ ಆಶ್ಚರ್ಯ ತರಬಹುದು. 1998ರಿಂದ 2015ರ ನಡುವೆ ಜಗತ್ತಿನಲ್ಲಿ ಸುಡುವ ಒಟ್ಟು ನೆಲ ಕಾಲುಭಾಗದಷ್ಟು ಕಡಿಮೆಯಾಯಿತು. ಹುಲ್ಲುಗಾಡನ್ನು ಉತ್ತು ಹೊಲ ಮಾಡಿದ್ದು ಅದಕ್ಕೆ ಮುಖ್ಯ ಕಾರಣ. ಸುಡಬೇಕಾದ ಹುಲ್ಲುಗಾಡು ಕುಗ್ಗುತ್ತಿದೆ, ಸುಡಬಾರದ ದಟ್ಟ ಕಾಡು ಹೆಚ್ಚು ಸುಡುತ್ತಿದೆ. ಒಟ್ಟು ಲೆಕ್ಕ ಮಾತ್ರ ನೋಡಿದವರಿಗೆ ಈ ಅದಲುಬದಲು ಕಾಣುವುದಿಲ್ಲ.

ಬೆಂಕಿಗಾಗಿಯೇ ಕಾದು ಕೂರುವ ಮರಗಳೂ ಇವೆ. ಅಮೆರಿಕದ ಯೆಲ್ಲೊಸ್ಟೋನ್‌ನಲ್ಲಿ ಲಾಡ್ಜ್‌ಪೋಲ್ ಎಂಬ ಪೈನ್ ಮರವಿದೆ. ಅದರ ಎಷ್ಟೋ ಕಾಯಿಗಳು ರಾಳದಿಂದ ಮುಚ್ಚಿಕೊಂಡು ವರ್ಷಗಟ್ಟಲೆ ಕೊಂಬೆಯಲ್ಲೇ ಇರುತ್ತವೆ. ಬೆಂಕಿಯ ಬಿಸಿಗೆ ರಾಳ ಕರಗಿದಾಗಲೇ ಕಾಯಿ ಬಿರಿಯುವುದು. ತಾಯಿಮರ ಸುಟ್ಟು ಸಾಯುತ್ತದೆ, ಬೀಜ ಬೂದಿಯ ಮೇಲೆ ಉದುರುತ್ತದೆ. ನೆರಳಿಲ್ಲ, ಪೈಪೋಟಿಯಿಲ್ಲ, ನೆಲದಲ್ಲಿ ಗೊಬ್ಬರ. 1988ರ ಬೇಸಗೆಯಲ್ಲಿ ಆ ಉದ್ಯಾನದ ಶೇ 36 ಭಾಗ, ಸುಮಾರು 7.9 ಲಕ್ಷ ಎಕರೆ, ಬೆಂಕಿಗೆ ಸಿಕ್ಕಿತು. 25,000 ಜನ ಆರಿಸಲು ದುಡಿದರು, 12 ಕೋಟಿ ಡಾಲರ್ ಖರ್ಚಾಯಿತು. ಕೊನೆಗೆ ಅದನ್ನು ತಣಿಸಿದ್ದು ಸೆಪ್ಟೆಂಬರ್ 11ರಂದು ಬಿದ್ದ ಮೊದಲ ಹಿಮ. ಉದ್ಯಾನವೇ ಮುಗಿಯಿತು ಎಂದು ದೇಶವೆಲ್ಲ ಮರುಗಿತು. ಆದರೆ ಕೆಲವೇ ವರ್ಷಗಳಲ್ಲಿ ಅಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಒತ್ತಾಗಿ ಪೈನ್ ಸಸಿಗಳು ಎದ್ದವು.

ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಅದು ಅರ್ಧ ಸತ್ಯ. ಆ ಕಾಡು ತಾನಾಗಿ ಸುಡುತ್ತಿದ್ದುದು 100ರಿಂದ 300 ವರ್ಷಕ್ಕೊಮ್ಮೆ. 1988ರಲ್ಲಿ ಸುಟ್ಟು ಮತ್ತೆ ಹುಟ್ಟಿದ್ದ ಕಾಡಿನ ಕೆಲವು ಭಾಗಗಳು 2016ರಲ್ಲಿ ಪುನಃ ಸುಟ್ಟವು. ಎಳೆಮರಗಳಲ್ಲಿ ಸಾಕಷ್ಟು ಬೀಜ ಕೂಡಿರಲಿಲ್ಲ. ಈ ಸಲ ಸಸಿಗಳು ಎಷ್ಟೋ ವಿರಳವಾಗಿ ಬಂದವು. ಬೆಂಕಿಗೆಂದೇ ಹುಟ್ಟಿದ ಮರಕ್ಕೂ ಎರಡು ಬೆಂಕಿಗಳ ನಡುವೆ ಬಿಡುವು ಬೇಕು. ಎಷ್ಟು ವರ್ಷಕ್ಕೊಮ್ಮೆ ಎಂಬ ಪ್ರಶ್ನೆಯನ್ನು ನಾನು ಪದೇ ಪದೇ ಕೇಳುವುದು ಈ ಕಾರಣಕ್ಕೆ.

ನಮಗೆ ಪರಿಚಿತವಾದ ನೀಲಗಿರಿ ಮರವನ್ನೇ ನೋಡಿ. ಕಡಿದರೂ ಬುಡದಿಂದ ಹತ್ತಾರು ಚಿಗುರು ಹೊರಡುವುದನ್ನು ನಿಮ್ಮಲ್ಲಿ ನೆಟ್ಟವರೆಲ್ಲ ಕಂಡಿದ್ದೀರಿ. ಆಸ್ಟ್ರೇಲಿಯಾದ ಅದರ ತವರಿನಲ್ಲಿ ಆ ಗುಣ ಬೆಂಕಿಯಿಂದ ಚೇತರಿಸಿಕೊಳ್ಳಲು ಒದಗುತ್ತದೆ. ಸುಟ್ಟು ಕರಿಯಾದ ಕಾಂಡದ ಉದ್ದಕ್ಕೂ ರೋಮದಂತೆ ಎಳೆ ಎಲೆ ಹೊರಡುತ್ತದೆ. ದಕ್ಷಿಣ ಆಫ್ರಿಕಾದ ಕೇಪ್ ಪ್ರಾಂತ್ಯದ ಪೊದೆಗಾಡಿನಲ್ಲಿ ಇನ್ನೂ ಸೂಕ್ಷ್ಮವಾದ ಏರ್ಪಾಡು ಇದೆ. ಎಷ್ಟೋ ಗಿಡಗಳ ಬೀಜಕ್ಕೆ ಬೆಂಕಿಯ ಬಿಸಿಯೂ ಬೇಡ, ಹೊಗೆಯ ವಾಸನೆ ಸಾಕು. ಸುಟ್ಟ ಸೊಪ್ಪಿನ ಹೊಗೆಯಲ್ಲಿರುವ ಒಂದು ರಾಸಾಯನಿಕ ಬೀಜವನ್ನು ಎಬ್ಬಿಸುತ್ತದೆ ಎಂಬುದನ್ನು 2004ರಲ್ಲಿ ಗುರುತಿಸಿದರು. ಆ ಬಗೆಯ ರಾಸಾಯನಿಕಗಳ ಗುಂಪಿಗೆ ಈಗ ಕ್ಯಾರಿಕಿನ್ ಎಂದು ಹೆಸರು. ಮೇಲೆ ಮರಗಿಡ ಸುಟ್ಟು ಬಿಸಿಲು ಬಿದ್ದಿದೆ ಎಂಬ ಸುದ್ದಿಯನ್ನು ಮಣ್ಣಿನೊಳಗಿನ ಬೀಜಕ್ಕೆ ಮುಟ್ಟಿಸುವುದು ಹೊಗೆ. ನಾನು ಸಸ್ಯಶಾಸ್ತ್ರ ಪಾಠ ಮಾಡಿದ ಅಷ್ಟೂ ವರ್ಷಗಳಲ್ಲಿ ಇದಕ್ಕಿಂತ ಸುಂದರವಾದ ವಿಷಯವನ್ನು ವಿದ್ಯಾರ್ಥಿಗಳಿಗೆ ಹೇಳಿದ ನೆನಪಿಲ್ಲ.

ಇಲ್ಲೊಂದು ಹಕ್ಕಿಯ ಮಾತು ಹೇಳಿಬಿಡುತ್ತೇನೆ, ವಿಷಯಕ್ಕೆ ಸ್ವಲ್ಪ ಹೊರಗಿನದು. ನಮ್ಮ ಗುಡ್ಡಕ್ಕೆ ಬೆಂಕಿ ಬಿದ್ದಾಗ ಕಾಜಾಣಗಳು ಹೊಗೆಯ ಅಂಚಿಗೆ ಬಂದು ಸೇರುವುದನ್ನು ನೋಡಿದ್ದೀರಾ? ಓಡುವ ಮಿಡತೆಗಳನ್ನು ಗಾಳಿಯಲ್ಲೇ ಹಿಡಿಯುತ್ತವೆ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ ಹದ್ದುಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿವೆ. ಉರಿಯುವ ಕಡ್ಡಿಯನ್ನು ಕಾಲಿನಲ್ಲಿ ಹಿಡಿದು ಹಾರಿ, ಸುಡದ ಹುಲ್ಲಿನ ಮೇಲೆ ಬೀಳಿಸುತ್ತವೆ ಎಂದು ಅಲ್ಲಿನ ಮೂಲನಿವಾಸಿಗಳು ಬಹಳ ಹಿಂದಿನಿಂದ ಹೇಳುತ್ತಿದ್ದರು. ಅವರ ಕಣ್ಣಾರೆ ಕಂಡ ವಿವರಗಳನ್ನು ಕಲೆಹಾಕಿದ ಸಂಶೋಧನೆ 2017ರಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಒಂದು ಜಾತಿ, ನಮ್ಮ ಮಾರುಕಟ್ಟೆಯ ಮೇಲೆ ದಿನವೂ ಸುತ್ತುವ ಅದೇ ಕರಿಹದ್ದು.

ಆ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಬೆಂಕಿಯನ್ನು ಒಂದು ಉಪಕರಣದಂತೆ ಬಳಸಿದವರು. ಮಳೆಗಾಲ ಮುಗಿದ ಕೂಡಲೇ, ಹುಲ್ಲಿನಲ್ಲಿ ಇನ್ನೂ ಸ್ವಲ್ಪ ಹಸಿ ಇರುವಾಗ, ಚಿಕ್ಕ ಚಿಕ್ಕ ತುಂಡುಗಳಲ್ಲಿ ಸುಡುತ್ತಾರೆ. ಆ ಬೆಂಕಿ ಮೊಣಕಾಲೆತ್ತರ ಮೀರುವುದಿಲ್ಲ, ರಾತ್ರಿಯ ಇಬ್ಬನಿಗೆ ತಾನೇ ಆರುತ್ತದೆ. ಬೇಸಗೆಯ ಕೊನೆಗೆ ದೊಡ್ಡ ಬೆಂಕಿ ಬಂದರೆ ಉರಿಯಲು ಅಲ್ಲಿ ಏನೂ ಉಳಿದಿರುವುದಿಲ್ಲ. ಇದೇ ವಿದ್ಯೆ ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇತ್ತು. ಅದಕ್ಕೆ ಅವರು ಇಟ್ಟ ಹೆಸರು ತರಗು ಬೆಂಕಿ. ತರಗೆಲೆ ಮಾತ್ರ ಸುಡುವ ಬೆಂಕಿ. ಹೆಸರಲ್ಲೇ ಅಳತೆ ಇದೆ, ನೋಡಿ. ವರ್ಷದ ಆರಂಭದಲ್ಲಿ ಹಾಕುವ ಈ ತೆಳು ಬೆಂಕಿಯಿಂದ ಲಂಟಾನ ಎಂಬ ಹೊರಗಿನಿಂದ ಬಂದ ಕಳೆಪೊದೆಯ ಸಸಿ ಸಾಯುತ್ತಿತ್ತು, ನೆಲ್ಲಿ ಮರಕ್ಕೆ ಹತ್ತುವ ಬಂದಳಿಕೆ ಹತೋಟಿಯಲ್ಲಿರುತ್ತಿತ್ತು ಎಂದು ಸೋಲಿಗರ ಹಿರಿಯರು ಹೇಳುತ್ತಾರೆ. ವನ್ಯಧಾಮವಾದ ಮೇಲೆ ಬೆಂಕಿ ನಿಂತಿತು. 1997 ಮತ್ತು 2008ರ ನಡುವೆ ಆ ಕಾಡಿನಲ್ಲಿ ಲಂಟಾನ ಕಾಣುವ ಜಾಗಗಳು ಸುಮಾರು ಎರಡರಷ್ಟಾದವು.

ಬೆಂಕಿಯನ್ನು ಪೂರ್ತಿ ನಿಲ್ಲಿಸಬೇಕು ಎಂಬ ಆಲೋಚನೆ ಬಂದದ್ದು ಬೆಂಕಿಯಿಲ್ಲದ ತೇವದ ಯುರೋಪಿನಲ್ಲಿ ಅರಣ್ಯಶಾಸ್ತ್ರ ಕಲಿತವರಿಂದ. ಬ್ರಿಟಿಷರ ಕಾಲದಲ್ಲಿ ಬರ್ಮಾದ ತೇಗದ ಕಾಡುಗಳಲ್ಲಿ ಬೆಂಕಿ ತಡೆದು ನೋಡಿದರು. ತೇಗದ ಸಸಿಗಳೇ ಹುಟ್ಟದಾದಾಗ ಅಲ್ಲಿನ ಅಧಿಕಾರಿಗಳೇ ಆ ನೀತಿಯ ವಿರುದ್ಧ ಬರೆದರು. ಅಮೆರಿಕದಲ್ಲಿ 1935ರಲ್ಲಿ ಬಂದ ನಿಯಮವಂತೂ ಇನ್ನೂ ಕಟ್ಟುನಿಟ್ಟು. ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಆರಿಸಬೇಕು. ದಶಕಗಟ್ಟಲೆ ಆರಿಸಿದರು. ತರಗು, ಒಣಕಟ್ಟಿಗೆ, ಎಳೆಮರ ಎಲ್ಲವೂ ರಾಶಿ ಬಿದ್ದವು. ಕ್ಯಾಲಿಫೋರ್ನಿಯಾದ ದೈತ್ಯ ಸಿಕ್ವೋಯಾ ಮರಗಳ ತೊಗಟೆ ಎರಡಡಿ ದಪ್ಪದವರೆಗೆ ಬೆಳೆಯುತ್ತದೆ. ಮೂರು ಸಾವಿರ ವರ್ಷ ಬದುಕಿದ ಮರಗಳು ಅಲ್ಲಿವೆ, ಅವುಗಳ ಉಂಗುರಗಳಲ್ಲಿ ಹತ್ತಾರು ಹಳೆಯ ಬೆಂಕಿಗಳ ಗಾಯದ ಗುರುತಿದೆ. ಅಂಥ ಮರಗಳನ್ನು 2020ರ ಒಂದೇ ಬೆಂಕಿ ಸಾವಿರಾರು ಸಂಖ್ಯೆಯಲ್ಲಿ ಕೊಂದಿತು. ಜಗತ್ತಿನಲ್ಲಿದ್ದ ದೊಡ್ಡ ಸಿಕ್ವೋಯಾಗಳಲ್ಲಿ ಶೇ 10ರಿಂದ 14 ಭಾಗ ಹೋಯಿತು ಎಂಬ ಅಂದಾಜಿದೆ. ಅಷ್ಟು ದಪ್ಪ ತೊಗಟೆಯೂ ತಾಳಲಿಲ್ಲ, ಏಕೆಂದರೆ ಆ ಬೆಂಕಿ ಕಾಲಬುಡದಲ್ಲಿ ನಿಲ್ಲದೆ ನೆತ್ತಿಗೆ ಹತ್ತಿತು. ಬಿಸಿಯಾದ, ಒಣಗಿದ ಗಾಳಿ ಒಂದು ಕಡೆ, ಕೂಡಿಬಿದ್ದ ಉರುವಲು ಇನ್ನೊಂದು ಕಡೆ.

ಈಗ ಬೆಂಕಿಯನ್ನೇ ಅರಿಯದ ಕಾಡುಗಳ ವಿಷಯ. ಇದನ್ನು ಹೇಳುವಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಇಂಡೋನೇಷ್ಯಾದ ಬೋರ್ನಿಯೊ ದ್ವೀಪದಲ್ಲಿ ಜವುಗು ಕಾಡುಗಳಿವೆ. ಉದುರಿದ ಎಲೆ, ಬಿದ್ದ ಮರ ನೀರಿನಲ್ಲಿ ಮುಳುಗಿ, ಪೂರ್ತಿ ಕೊಳೆಯದೆ, ಸಾವಿರಾರು ವರ್ಷ ಪದರ ಪದರವಾಗಿ ಕೂತು ಹತ್ತು ಮೀಟರ್‌ಗಿಂತ ಆಳದ ಕಪ್ಪು ನೆಲವಾಗಿದೆ. ಅದನ್ನು ಪೀಟ್ ಎನ್ನುತ್ತಾರೆ. ನೀರು ತುಂಬಿರುವವರೆಗೆ ಅದಕ್ಕೆ ಬೆಂಕಿ ಹತ್ತುವುದಿಲ್ಲ. 1996ರಲ್ಲಿ ಅಲ್ಲಿನ ಸರ್ಕಾರ ಹತ್ತು ಲಕ್ಷ ಹೆಕ್ಟೇರ್ ಜವುಗನ್ನು ಭತ್ತದ ಗದ್ದೆ ಮಾಡಲು ಹೊರಟಿತು. ಕಾಲುವೆ ತೋಡಿ ನೀರು ಹರಿಯಬಿಟ್ಟರು. ಗದ್ದೆ ಆಗಲಿಲ್ಲ. ಮರುವರ್ಷವೇ, ಪೆಸಿಫಿಕ್ ಸಾಗರದ ನೀರು ಬಿಸಿಯಾದಾಗ ಬರುವ ಎಲ್ ನಿನೊ ಬರಗಾಲ ಬಂದಿತು, ಒಣಗಿದ ನೆಲಕ್ಕೆ ಬೆಂಕಿ ಹತ್ತಿತು. ಪೀಟ್‌ನ ಬೆಂಕಿಯಲ್ಲಿ ಜ್ವಾಲೆ ಕಾಣುವುದಿಲ್ಲ. ಹೊಟ್ಟಿನ ಒಲೆಯಂತೆ ನೆಲದೊಳಗೆ ತಿಂಗಳುಗಟ್ಟಲೆ ಕನಲುತ್ತದೆ, ಮೇಲೆ ನೀರು ಹೊಯ್ದರೆ ಒಳಗೆ ಮುಟ್ಟುವುದಿಲ್ಲ. 1997ರಲ್ಲಿ ಇಂಡೋನೇಷ್ಯಾದ ಪೀಟ್ ಮತ್ತು ಕಾಡಿನ ಬೆಂಕಿಯಿಂದ ಹೊರಬಿದ್ದ ಇಂಗಾಲ, ಇಡೀ ಜಗತ್ತು ಒಂದು ವರ್ಷದಲ್ಲಿ ಕಲ್ಲಿದ್ದಲು, ಎಣ್ಣೆ, ಅನಿಲ ಸುಟ್ಟು ಹೊರಬಿಡುವುದರ ಶೇ 13ರಿಂದ 40ರಷ್ಟಿತ್ತು ಎಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಆಫ್ರಿಕಾದ ಹುಲ್ಲು ಮುಂದಿನ ಮಳೆಗೆ ತನ್ನ ಇಂಗಾಲವನ್ನು ಹಿಂದಕ್ಕೆ ಪಡೆಯುತ್ತದೆ ಎಂದೆನಲ್ಲವೆ? ಪೀಟ್ ಅದನ್ನು ಮತ್ತೆ ಕೂಡಿಸಲು ಸಾವಿರಾರು ವರ್ಷ ಬೇಕು. ಉಪಗ್ರಹ ಚಿತ್ರದಲ್ಲಿ ಎರಡೂ ಒಂದೇ ಬಣ್ಣದ ಚುಕ್ಕಿಯಾಗಿ ಕಾಣುತ್ತವೆ.

2019-20ರ ಆಸ್ಟ್ರೇಲಿಯಾದ ಬೆಂಕಿಯನ್ನು ನೀವೆಲ್ಲ ಮೊಬೈಲ್‌ನಲ್ಲಿ ನೋಡಿದ್ದೀರಿ. ಸುಮಾರು 2.4 ಕೋಟಿ ಹೆಕ್ಟೇರ್ ಸುಟ್ಟಿತು. ಸುಮಾರು 300 ಕೋಟಿ ಪ್ರಾಣಿಗಳು ಸತ್ತವು ಅಥವಾ ನೆಲೆ ಕಳೆದುಕೊಂಡವು ಎಂಬ ಅಂದಾಜು ಬಂದಿತು. ಹೆಚ್ಚಿನವು ಹಲ್ಲಿ, ಹಾವು, ಅರಣೆಯಂಥ ಸರೀಸೃಪಗಳು. ಬೆಂಕಿಯಲ್ಲಿ 33 ಜನ ಸತ್ತರು. ಹೊಗೆಯಿಂದ ಸತ್ತವರು 400ಕ್ಕೂ ಹೆಚ್ಚು ಎಂದು ಆರೋಗ್ಯ ಸಂಶೋಧಕರು ಲೆಕ್ಕ ಹಾಕಿದರು. ಬೆಂಕಿ ಕಾಣದ ಊರಿನಲ್ಲಿ, ಮನೆಯೊಳಗೆ ಮಲಗಿದ್ದ ಹೃದಯರೋಗಿಗಳು, ಉಬ್ಬಸದವರು ಅವರಲ್ಲಿದ್ದರು. 2023ರಲ್ಲಿ ಕೆನಡಾದಲ್ಲಿ ಒಂದೂವರೆ ಕೋಟಿ ಹೆಕ್ಟೇರ್ ಕಾಡು ಸುಟ್ಟಾಗ ದೂರದ ನ್ಯೂಯಾರ್ಕಿನ ಆಕಾಶ ಹಗಲಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿತು.

ಆದರೆ ಆಸ್ಟ್ರೇಲಿಯಾದಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಗೊಂಡ್ವಾನಾ ಮಳೆಕಾಡುಗಳ ಸುದ್ದಿ. ಭಾರತ ಮತ್ತು ಆಸ್ಟ್ರೇಲಿಯಾ ಒಂದೇ ಭೂಖಂಡವಾಗಿದ್ದ ಕಾಲದ ಸಸ್ಯವಂಶಗಳು ಅಲ್ಲಿ ಇನ್ನೂ ಬದುಕಿವೆ. ಸುತ್ತಲ ನೀಲಗಿರಿ ಕಾಡು ಸುಟ್ಟರೂ ಬೆಂಕಿ ಈ ತೇವದ ಕಾಡಿನ ಅಂಚಿಗೆ ಬಂದು ನಿಲ್ಲುವುದು ವಾಡಿಕೆ. ಆ ವರ್ಷ ಒಳಗಿನ ತರಗೂ ಒಣಗಿತ್ತು. ಬೆಂಕಿ ಒಳಕ್ಕೆ ನುಗ್ಗಿತು. ಆ ವಿಶ್ವ ಪರಂಪರೆಯ ತಾಣದ ಅರ್ಧಕ್ಕೂ ಹೆಚ್ಚು ಭಾಗಕ್ಕೆ ಬೆಂಕಿ ತಟ್ಟಿತು. ಆ ಫೋಟೊಗಳನ್ನು ನೋಡುತ್ತಿದ್ದಾಗ ನನ್ನ ಕಣ್ಣಿಗೆ ಬಂದದ್ದು ನಮ್ಮ ಚಂದ್ರದ್ರೋಣ ಪರ್ವತದ ಶೋಲ.

ಊರಿಗೆ ಬರೋಣ. ಕೈಮರ ದಾಟಿ ಮೇಲೇರಿದವರಿಗೆಲ್ಲ ಗೊತ್ತಿರುವ ನೋಟ ಅದು. ಬೆಟ್ಟದ ಮೈಯೆಲ್ಲ ಹುಲ್ಲು. ಹಳ್ಳದ ಮಡಿಲುಗಳಲ್ಲಿ ಮಾತ್ರ ದಟ್ಟವಾದ, ಕುಳ್ಳನೆಯ, ಪಾಚಿ ಹಿಡಿದ ಕಾಡು. ಹುಲ್ಲಿರುವ ಜಾಗ ಮರ ಕಡಿದು ಹಾಳಾದದ್ದು ಎಂದು ಬಹಳ ಜನ ಇವತ್ತಿಗೂ ತಿಳಿದಿದ್ದಾರೆ. ನೀಲಗಿರಿ ಬೆಟ್ಟಗಳ ಜವುಗಿನ ಮಣ್ಣನ್ನು ಪದರ ಪದರವಾಗಿ ಪರೀಕ್ಷಿಸಿದಾಗ ಅಲ್ಲಿ 20,000 ವರ್ಷಗಳ ಹಿಂದೆಯೂ ಹುಲ್ಲುಗಾವಲು ಇತ್ತೆಂದು ತಿಳಿಯಿತು. ಮಳೆ ಹೆಚ್ಚಿದಾಗ ಶೋಲ ಹಿಗ್ಗಿದೆ, ಒಣಕಾಲದಲ್ಲಿ ಹುಲ್ಲು ಹಿಗ್ಗಿದೆ. ನಮ್ಮ ಬೆಟ್ಟದ ಹುಲ್ಲು ಕೂಡ ಯಾರೋ ಮಾಡಿದ ಬೋಳು ಎಂದು ನಾನು ನಂಬುವುದಿಲ್ಲ. 2022ರಲ್ಲಿ ನೀಲಕುರಿಂಜಿ ನೋಡಲು ಸಾಲುಗಟ್ಟಿ ಹೋದಿರಲ್ಲ, ಅದು ಅರಳಿದ್ದು ಮರದ ನೆರಳಿನಲ್ಲಲ್ಲ, ಈ ಬಯಲಿನಲ್ಲಿ. ಇಂಥ ಬಯಲನ್ನು ಪಾಳು ಎಂದು ಕರೆದು ಪಶ್ಚಿಮ ಘಟ್ಟದ ಎಷ್ಟೋ ಕಡೆ ಅಕೇಶಿಯಾ, ನೀಲಗಿರಿ ನೆಟ್ಟದ್ದು ದೊಡ್ಡ ತಪ್ಪು. ನಿಮಿಷದಲ್ಲಿ ಹಾದುಹೋಗುವ ಹುಲ್ಲಿನ ಬೆಂಕಿಯ ಜಾಗದಲ್ಲಿ ಗಂಟೆಗಟ್ಟಲೆ ಉರಿಯುವ ಎಣ್ಣೆಮರವನ್ನು ತಂದು ನಿಲ್ಲಿಸಿದಂತಾಯಿತು.

ಬೆಂಕಿ ಹೇಗೆ ಬೀಳುತ್ತದೆ? ಬಿದಿರಿಗೆ ಬಿದಿರು ಉಜ್ಜಿ ಬೆಂಕಿ ಹುಟ್ಟುತ್ತದೆ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಮುಳ್ಳಯ್ಯನಗಿರಿಯ ನೆತ್ತಿಯಲ್ಲಿ, 1,930 ಮೀಟರ್ ಎತ್ತರದಲ್ಲಿ, ಬಿದಿರುಮೆಳೆ ಎಲ್ಲಿದೆ? ಜನವರಿ, ಫೆಬ್ರುವರಿಯಲ್ಲಿ ನಮ್ಮಲ್ಲಿ ಸಿಡಿಲೂ ಇಲ್ಲ. ಕೆನಡಾದಲ್ಲಿ ಸಿಡಿಲಿನಿಂದ ಹತ್ತುವ ಬೆಂಕಿ ಬೇಕಾದಷ್ಟಿದೆ, ಇಲ್ಲಿ ಬೆಂಕಿ ಎಂದರೆ ಮನುಷ್ಯನ ಕೈ. ಎಳೆಹುಲ್ಲು ಬರಲೆಂದು ದನಗಾಹಿ ಹಚ್ಚಿದ್ದು, ತಿರುವಿನಲ್ಲಿ ಕಾರು ನಿಲ್ಲಿಸಿ ಎಸೆದ ಸಿಗರೇಟು, ಅಡುಗೆ ಮಾಡಿ ಬಿಟ್ಟುಹೋದ ಕೆಂಡ, ಯಾವುದೋ ಹಳೆಯ ಸಿಟ್ಟು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟದ್ದು ನಿಮಗೆ ನೆನಪಿದೆ. ದನಗಾಹಿಯ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಫೆಬ್ರುವರಿಯಲ್ಲಿ ಮೇವು ಬೇಕು, ಅದು ನ್ಯಾಯವಾದ ಅಗತ್ಯ. ಅವನ ಜೊತೆ ಕೂತು ಮಾತಾಡುವ ಬದಲು ಬರಿಯ ಮೊಕದ್ದಮೆ ಹಾಕಿದರೆ, ಮುಂದಿನ ಸಲ ಬೆಂಕಿ ಬಿದ್ದಾಗ ಸೊಪ್ಪು ಹಿಡಿದು ಬಡಿಯಲು ಯಾರೂ ಬರುವುದಿಲ್ಲ.

ಹಾಗಾದರೆ ನಾವೂ ತರಗು ಬೆಂಕಿ ಹಾಕೋಣವೇ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಯಾರೂ ದಯವಿಟ್ಟು ಒಂದು ಕಡ್ಡಿಯನ್ನೂ ಗೀರಬೇಡಿ. ಕಾನೂನಿನ ಮಾತು ಹಾಗಿರಲಿ. ಸೋಲಿಗರ ಆ ಬೆಂಕಿ ಲಂಟಾನ ತುಂಬದ ಕಾಡಿನದು. ಈಗ ಲಂಟಾನ ಆಳೆತ್ತರ ಹೆಣೆದುಕೊಂಡಿದೆ, ಮರಕ್ಕೆ ಏಣಿ ಇಟ್ಟಂತೆ ಬೆಂಕಿಯನ್ನು ಕೊಂಬೆಗೆ ಹತ್ತಿಸುತ್ತದೆ. ಮೊದಲು ಅದನ್ನು ಕೀಳಬೇಕು. ಎಲ್ಲಿ, ಯಾವ ವಾರದಲ್ಲಿ, ಎಷ್ಟು ಅಗಲ ಸುಡಬೇಕೆಂಬುದನ್ನು ಅರಣ್ಯ ಇಲಾಖೆ ಮತ್ತು ಆ ಕಾಡಿನ ಜನ ಸೇರಿ ತೀರ್ಮಾನಿಸಬೇಕು. ಇಲಾಖೆಯವರು ಪ್ರತಿ ವರ್ಷ ಬೇಸಗೆಗೆ ಮೊದಲು ಬೆಂಕಿ ರೇಖೆ ಮಾಡುತ್ತಾರೆ. ಹುಲ್ಲು ಸವರಿ, ಕಾವಲಿನಲ್ಲಿ ಸುಟ್ಟು, ಉರಿಯಲು ಏನೂ ಇಲ್ಲದ ಪಟ್ಟಿ ಬಿಡುವ ಕೆಲಸ ಅದು. ಆ ಪಟ್ಟಿಯನ್ನು ಹುಲ್ಲಿಗಿಂತ ಮೊದಲು ಶೋಲದ ಅಂಚಿಗೆ ಮಾಡಿ ಎಂಬುದೊಂದೇ ನನ್ನ ಬೇಡಿಕೆ.

ಆ ಅಂಚಿನ ಮಾತು ಹೇಳುತ್ತೇನೆ ಎಂದಿದ್ದೆ. ಶೋಲದ ಒಳಗೆ ಬೇಸಗೆಯಲ್ಲೂ ನೆಲ ಒದ್ದೆ. ಹುಲ್ಲಿನ ಬೆಂಕಿ ಓಡಿ ಬಂದು ಅಲ್ಲಿ ಸುಮ್ಮನಾಗುತ್ತದೆ. ಆದರೆ ಸುಮ್ಮನಾಗುವ ಮೊದಲು ಅಂಚಿನ ಒಂದು ಸಾಲನ್ನು ಕಾಯಿಸುತ್ತದೆ. ತೆಳು ತೊಗಟೆಯ ಆ ಮರಗಳು ಕೂಡಲೇ ಬೀಳುವುದಿಲ್ಲ, ಒಂದೆರಡು ಮಳೆಗಾಲ ನಿಂತಿದ್ದು ಒಣಗುತ್ತವೆ. ಆಗ ಬಿಸಿಲು ಒಳಗೆ ಬರುತ್ತದೆ, ನೆಲ ಒಣಗುತ್ತದೆ, ಹುಲ್ಲು ಒಳಕ್ಕೆ ಕಾಲಿಡುತ್ತದೆ. ಮುಂದಿನ ಬೆಂಕಿಗೆ ಒಂದು ಸಾಲು ಒಳಗೆ ಹೋಗಲು ದಾರಿಯಾಯಿತು. ಹತ್ತು ಹದಿನೈದು ವರ್ಷಕ್ಕೊಮ್ಮೆ ಆದರೆ ಅಂಚು ಮತ್ತೆ ಕಟ್ಟಿಕೊಳ್ಳಬಹುದು. ಎರಡು ವರ್ಷಕ್ಕೊಮ್ಮೆ ಆದರೆ ಅದಕ್ಕೆ ಬಿಡುವೆಲ್ಲಿ? ಈ ಮಡಿಲಿನ ಕಾಡುಗಳಿಂದ ಹೊರಡುವ ಹಳ್ಳಗಳು ಸೇರಿಯೇ ಯಗಚಿ ಆಗುವುದು, ವೇದಾವತಿ ಆಗುವುದು. ಯಗಚಿ ಬೇಲೂರಿನ ಮೇಲೆ ಹಾದು ಹಾಸನ ಜಿಲ್ಲೆಯಲ್ಲಿ ಹೇಮಾವತಿಯನ್ನು ಕೂಡುತ್ತದೆ. ಸುಟ್ಟ ಇಳಿಜಾರಿನ ಬೂದಿಯೂ ಮಣ್ಣೂ ಮೊದಲ ಮಳೆಗೆ ಅದೇ ದಾರಿ ಹಿಡಿಯುತ್ತವೆ.

ಪಿಯುಸಿಯಲ್ಲಿ ನಾನು ನೋಡದೆ ಬಂದ ಆ ಅಂಚಿಗೆ ನಿವೃತ್ತಿಯಾದ ಮೇಲೆ ಪ್ರತಿ ವರ್ಷ ಹೋಗುತ್ತಿದ್ದೇನೆ. ಹನ್ನೊಂದು ಮರಗಳಿಗೆ ಗುರುತು ಮಾಡಿದ್ದೆ. ಮಧ್ಯೆ ಎರಡು ಸಲ ಬೆಂಕಿ ಬಂದಿತು. ಕಳೆದ ಸಲ ಹೋದಾಗ ನಾಲ್ಕು ಮರ ಹಸಿರಾಗಿದ್ದವು, ಎರಡು ಬುಡದಿಂದ ಚಿಗುರಿದ್ದವು. ಉಳಿದ ಐದರ ಜಾಗದಲ್ಲಿ ಸೊಂಟದೆತ್ತರದ ಕರಡ ನಿಂತಿತ್ತು. ಕಾನು ನನ್ನ ಹೆಜ್ಜೆಯಲ್ಲಿ ಏಳು ಹೆಜ್ಜೆ ಹಿಂದಕ್ಕೆ ಸರಿದಿತ್ತು.

ಈ ವರ್ಷ ಮೊದಲ ಹೂಮಳೆ ಬಿದ್ದ ಮೇಲಿನ ಭಾನುವಾರ ಮತ್ತೆ ಎಣಿಸಲು ಹೋಗುತ್ತೇನೆ. ಕೈಮರದಲ್ಲಿ ಬೆಳಿಗ್ಗೆ ಏಳು ಗಂಟೆಗೆ ನಿಂತಿರುತ್ತೇನೆ. ಬರುವವರು ಒಂದು ಅಳತೆ ಪಟ್ಟಿ, ಒಂದು ನೋಟ್‌ಬುಕ್ ತನ್ನಿ. ಆ ಎರಡು ತೊಗಟೆಗಳು ಈಗ ಯಾರ ಕೈಯಲ್ಲಿವೆಯೋ, ಹಿಂದಿನ ಸಾಲಿನವರಿಗೂ ಕೊಡಿ. ಅವರು ಇನ್ನೂ ಮುಟ್ಟಿ ನೋಡಿಲ್ಲ.